ಪ್ಯಾರಿಸ್‌ನಲ್ಲಿ ಇಂಟರ್ನ್‌ಶಿಪ್ ಭತ್ಯೆಯಲ್ಲಿ ಬದುಕುವುದು: ಕಾಸರಗೋಡಿನ ವಿದ್ಯಾರ್ಥಿಗಳಿಗೆ ಮತ್ತು ಮನೆಯವರಿಗೆ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಮಂಗಳೂರಿನ ಅಥವಾ ಕೋಝಿಕ್ಕೋಡಿನ ಕಾಲೇಜುಗಳಿಗೆ ಹೋಗಿ, ಅಲ್ಲಿಂದ ಫ್ರಾನ್ಸಿನ ಪ್ರಯೋಗಾಲಯಕ್ಕೋ ಕಂಪನಿಗೋ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗುವ ಮಕ್ಕಳೂ ಅವರ ಹೆತ್ತವರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅವರು ಕೊಡುವ ದುಡ್ಡು ಪ್ಯಾರಿಸ್‌ನಲ್ಲಿ ಸಾಕಾಗ್ತದಾ?" ಕನಿಷ್ಠ ಭತ್ಯೆ ಮಾತ್ರ ಸಿಗುವುದಾದರೆ ಸಾಕಾಗುವುದಿಲ್ಲ. ಎಷ್ಟು ಕಡಿಮೆ ಬೀಳುತ್ತದೆ ಎಂಬುದನ್ನು ಹೊರಡುವ ಮೊದಲೇ ಸಾಕಷ್ಟು ನಿಖರವಾಗಿ ಲೆಕ್ಕ ಹಾಕಬಹುದು. ಆ ಕೊರತೆಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಮುಖ್ಯವಾಗಿ ಮನೆ ಬಾಡಿಗೆಯೇ. ಊಟ, ಬಟ್ಟೆ, ಫೋನುಗಳಲ್ಲಿ ಎಷ್ಟೇ ಹಿಡಿತ ಮಾಡಿದರೂ ತಪ್ಪು ಮನೆ ಹಿಡಿದವರ ಲೆಕ್ಕ ಸರಿಹೋಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಬಾಡಿಗೆಯ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮನೆಯ ಹಿರಿಯರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ "ಹೊರದೇಶ" ಎಂದರೆ ಬಹುತೇಕರ ಮನಸ್ಸಿಗೆ ಬರುವುದು ಕೊಲ್ಲಿ ರಾಷ್ಟ್ರಗಳು. ಅಲ್ಲಿ ಅನೇಕ ಕಂಪನಿಗಳು ವಾಸಕ್ಕೆ ಕೋಣೆ, ಹೋಗಿಬರುವ ಟಿಕೆಟು ಕೊಡುತ್ತವೆ. ಹೋದವರು ಊರಿಗೆ ಹಣ ಕಳುಹಿಸುತ್ತಾರೆ. ಫ್ರಾನ್ಸಿನಲ್ಲಿ ಕೋಣೆಯನ್ನು ವಿದ್ಯಾರ್ಥಿಯೇ ಹುಡುಕಬೇಕು, ಟಿಕೆಟಿನ ಖರ್ಚೂ ಸಾಮಾನ್ಯವಾಗಿ ಅವರದ್ದೇ, ಮತ್ತು ಕೆಲವು ತಿಂಗಳು ಊರಿನಿಂದಲೇ ಹಣ ಹೋಗಬೇಕು. ಇದನ್ನು ಮನೆಯಲ್ಲಿ ಕುಳಿತು ಮಾತನಾಡದೆ ಹೊರಟ ಮಗನೋ ಮಗಳೋ ಅಲ್ಲಿ ಒಂದು ಹೊತ್ತು ಊಟ ಬಿಟ್ಟು, ಫೋನಿನಲ್ಲಿ "ಎಲ್ಲ ಸರಿ ಇದೆ" ಎನ್ನುವ ಪರಿಸ್ಥಿತಿ ಬರಬಾರದು.

1. ಒಪ್ಪಂದಪತ್ರವನ್ನು ಓದಿ, ಭತ್ಯೆಯನ್ನು ಗೊತ್ತುಮಾಡಿಕೊಳ್ಳಿ

ಫ್ರಾನ್ಸಿನಲ್ಲಿ ಇಂಟರ್ನ್‌ಶಿಪ್‌ಗೆ "ಕೋನ್ವಾನ್ಸಿಯೋನ್ ದ ಸ್ತಾಜ್" ಎಂಬ ಒಪ್ಪಂದಪತ್ರ ಕಡ್ಡಾಯ. ಇದಕ್ಕೆ ನಿಮ್ಮ ಕಾಲೇಜು, ನೀವು ಮತ್ತು ಕೆಲಸ ಕೊಡುವ ಸಂಸ್ಥೆ, ಮೂವರೂ ಸಹಿ ಹಾಕಬೇಕು. ವೀಸಾ ಅರ್ಜಿಗೂ ಇದೇ ಆಧಾರ. ಕಾಲೇಜಿನ ಸಹಿಗೆ ವಾರಗಟ್ಟಲೆ ಅಲೆಯಬೇಕಾಗುವುದರಿಂದ ಈ ಕಾಗದವನ್ನು ಬೇಗ ತರಿಸಿಕೊಳ್ಳಿ.

ಒಂದು ಶೈಕ್ಷಣಿಕ ವರ್ಷದಲ್ಲಿ ಒಂದೇ ಸಂಸ್ಥೆಯಲ್ಲಿ 6 ತಿಂಗಳಿಗಿಂತ ಹೆಚ್ಚು ಕಾಲ ಇಂಟರ್ನ್ ಆಗಿರುವಂತಿಲ್ಲ. ಅವಧಿ 2 ತಿಂಗಳನ್ನು ಮೀರಿದರೆ, ಎಂದರೆ ದಿನಕ್ಕೆ 7 ಗಂಟೆಯಂತೆ 44 ದಿನಗಳನ್ನು ದಾಟಿದರೆ, ಭತ್ಯೆ ಕೊಡುವುದು ಕಡ್ಡಾಯ. ಹಾಗೆ ದಾಟಿದಾಗ ಮೊದಲ ದಿನದಿಂದಲೇ ಕೊಡಬೇಕು. ಸರಿಯಾಗಿ 2 ತಿಂಗಳ ಇಂಟರ್ನ್‌ಶಿಪ್ ಒಪ್ಪಿಕೊಂಡವರಿಗೆ ಸಂಸ್ಥೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ ಎಂಬುದನ್ನು ಬಹಳ ಮಂದಿ ಅಲ್ಲಿಗೆ ತಲುಪಿದ ಮೇಲೆ ತಿಳಿಯುತ್ತಾರೆ. ಪತ್ರದಲ್ಲಿ ಎರಡು ತಿಂಗಳು ಎಂದಿದ್ದರೆ, ಇನ್ನೂ ಕೆಲವು ವಾರ ಸೇರಿಸಲು ಸಾಧ್ಯವೇ ಎಂದು ಸಹಿಗೆ ಮೊದಲೇ ವಿನಯದಿಂದ ಕೇಳಿ. ಹೀಗೆ ಕೇಳುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಕಾನೂನಿನ ಪ್ರಕಾರ ಕನಿಷ್ಠ ಭತ್ಯೆ 2024 ಮತ್ತು 2025ರಲ್ಲಿ ಗಂಟೆಗೆ 4.35 ಯೂರೊ ಇತ್ತು. ವಾರಕ್ಕೆ 35 ಗಂಟೆ ಕೆಲಸ, 22 ದಿನಗಳ ತಿಂಗಳು ಎಂದು ಹಿಡಿದರೆ 154 ಗಂಟೆಗೆ ಸುಮಾರು 670 ಯೂರೊ. ರಜೆ ಹೆಚ್ಚಿರುವ ತಿಂಗಳಲ್ಲಿ ಇದು ಕಡಿಮೆಯಾಗಬಹುದು. ದರ ಆಗಾಗ ಪರಿಷ್ಕರಣೆಯಾಗುತ್ತದೆ. ನಿಮ್ಮ ಪತ್ರದಲ್ಲಿ ಬರೆದಿರುವ ಮೊತ್ತವೇ ನಿಮಗೆ ಅಂತಿಮ. ಇದರ ಜೊತೆಗೆ ಇನ್ನೆರಡು ಸೌಲಭ್ಯಗಳನ್ನು ಹೆಸರು ಹೇಳಿ ಕೇಳಿ. ಮೊದಲನೆಯದು, ಪ್ರಯಾಣ ಪಾಸಿನ ಅರ್ಧ ಖರ್ಚನ್ನು ಸಂಸ್ಥೆ ಹಿಂದಿರುಗಿಸುವುದು. ಎರಡನೆಯದು ಕ್ಯಾಂಟೀನ್, ಅಥವಾ "ತಿತ್ರ್ ರೆಸ್ತೋರಾಂ" ಎಂಬ ಊಟದ ಕೂಪನ್. ಇದರ ಬೆಲೆಯಲ್ಲಿ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚನ್ನು ಸಂಸ್ಥೆ ಭರಿಸುತ್ತದೆ. ನೌಕರರಿಗೆ ಇವು ಇದ್ದರೆ ಇಂಟರ್ನ್‌ಗಳಿಗೂ ಸಿಗಬೇಕು. ಕೇಳದಿದ್ದರೆ ತಾವಾಗಿಯೇ ಹೇಳುವವರು ಕಡಿಮೆ.

2. ಮನೆಯವರೊಂದಿಗೆ ಕುಳಿತು ಲೆಕ್ಕ ಬರೆಯಿರಿ

ಸುಲಭವಾಗಲೆಂದು ಒಂದು ಯೂರೊಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊರಡುವ ವಾರದ ದರವನ್ನು ನೋಡಿ ತಿದ್ದಿಕೊಳ್ಳಿ. ಹೊರವಲಯದ ಒಂದು ಹಂಚಿಕೆಯ ಮನೆಯಲ್ಲಿ ಕೋಣೆಗೆ 550 ಯೂರೊ, ಪ್ರಯಾಣ ಪಾಸಿನಲ್ಲಿ ನಿಮ್ಮ ಪಾಲು 45, ಅಡುಗೆ ಮಾಡಿಕೊಂಡು ಉಣ್ಣುವವರಿಗೆ ಆಹಾರ 200, ಫೋನು ಮತ್ತು ಮನೆಯ ವಿಮೆ 20, ಇತರೆ 60. ಒಟ್ಟು 875 ಯೂರೊ. ಭತ್ಯೆ 670. ತಿಂಗಳಿಗೆ 205 ಯೂರೊ, ಎಂದರೆ ಇಪ್ಪತ್ತು ಸಾವಿರ ರೂಪಾಯಿಗಿಂತ ತುಸು ಹೆಚ್ಚು ಊರಿನಿಂದ ಹೋಗಬೇಕು. ಆರು ತಿಂಗಳಿಗೆ ಸುಮಾರು 1,23,000 ರೂಪಾಯಿ. ವಿಮಾನ ಮತ್ತು ವೀಸಾದ ಖರ್ಚು ಇದರ ಹೊರಗೆ.

ಕೊರತೆಗಿಂತಲೂ ಹೆಚ್ಚು ತೊಂದರೆ ಕೊಡುವುದು ಮೊದಲ ತಿಂಗಳು. ಭತ್ಯೆ ತಿಂಗಳ ಕೊನೆಗೆ ಬರುತ್ತದೆ; ಬ್ಯಾಂಕ್ ಖಾತೆ ತಡವಾದರೆ ಇನ್ನೂ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಬಾಡಿಗೆ, ಡಿಪಾಸಿಟ್, ಆರಂಭದ ಕೆಲವು ರಾತ್ರಿಗಳ ಹಾಸ್ಟೆಲ್, ಹೊದಿಕೆ, ಪಾತ್ರೆ ಎಲ್ಲಕ್ಕೂ ನಗದು ಬೇಕು. ಡಿಪಾಸಿಟ್ ಇಲ್ಲದ ಕರಾರಾದರೆ ಕನಿಷ್ಠ 1,500 ಯೂರೊ, ಎರಡು ತಿಂಗಳ ಡಿಪಾಸಿಟ್ ಇದ್ದರೆ ಕನಿಷ್ಠ 2,500 ಯೂರೊ ಕೈಯಲ್ಲಿರದೆ ವಿಮಾನ ಹತ್ತಬೇಡಿ ಎಂಬುದು ನನ್ನ ಖಚಿತ ಸಲಹೆ. ಅಡಿಕೆ ಮಾರಿದ ಹಣ ಬಂದ ಮೇಲೆ ಕಳುಹಿಸುತ್ತೇವೆ ಎಂಬ ಭರವಸೆಯ ಮೇಲೆ ಹೊರಡುವುದು ಸರಿಯಲ್ಲ. ಅಲ್ಲಿಯ ಮನೆಯೊಡೆಯರು ಬಾಡಿಗೆಯನ್ನು ತಿಂಗಳ ಆರಂಭದಲ್ಲೇ ಕೇಳುತ್ತಾರೆ. ಸಹಕಾರಿ ಬ್ಯಾಂಕಿನಲ್ಲಿ ಮಾತ್ರ ಖಾತೆ ಇರುವ ಮನೆಗಳು, ವಿದೇಶಕ್ಕೆ ಹಣ ಕಳುಹಿಸುವ ಸೌಲಭ್ಯವಿರುವ ಬ್ಯಾಂಕಿನಲ್ಲಿ ಇನ್ನೊಂದು ಖಾತೆಯನ್ನು ಮೊದಲೇ ತೆರೆಯುವುದು ಒಳ್ಳೆಯದು. ಕಳುಹಿಸುವವರ ಪ್ಯಾನ್ ಕಾರ್ಡೂ "ಎ2" ಎಂಬ ಅರ್ಜಿಯೂ ಬೇಕಾಗುತ್ತವೆ. ಒಮ್ಮೆ ಸಣ್ಣ ಮೊತ್ತ ಕಳುಹಿಸಿ, ಅದು ತಲುಪುವ ದಾರಿಯನ್ನು ಹೆತ್ತವರಿಗೆ ಕಲಿಸಿಕೊಟ್ಟೇ ಹೊರಡಿ.

3. ಕಾಗದಪತ್ರಗಳಲ್ಲಿ ಹೆಸರನ್ನು ಸರಿಪಡಿಸಿಕೊಳ್ಳಿ

ನಮ್ಮಲ್ಲಿ ಅನೇಕರ ಹೆಸರಿನ ಮುಂದೆ ಮನೆಯ ಅಥವಾ ತಂದೆಯ ಹೆಸರಿನ ಇನಿಶಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ. ಫ್ರಾನ್ಸಿನ ಕಚೇರಿಗಳ ಎಲ್ಲ ಅರ್ಜಿಗಳಲ್ಲಿ ಹೆಸರು ಮತ್ತು ಉಪನಾಮ ಎರಡನ್ನೂ ತುಂಬಿಸಲೇಬೇಕು. ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ತುಂಬಿದರೆ ಬ್ಯಾಂಕ್, ವಿಮೆ, ಬಾಡಿಗೆ ಎಲ್ಲದರಲ್ಲೂ ಗಂಟು ಬೀಳುತ್ತದೆ. ಸಮಯವಿದ್ದರೆ ಪಾಸ್‌ಪೋರ್ಟಿನಲ್ಲೇ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಒಂದು ರೂಪವನ್ನು ನಿಶ್ಚಯಿಸಿ ಎಲ್ಲ ಕಡೆಯೂ ಅದನ್ನೇ ಬರೆಯಿರಿ.

ತಂದೆತಾಯಿಯರ ಹೆಸರಿರುವ ಜನನ ಪ್ರಮಾಣಪತ್ರವನ್ನು ಒಯ್ಯಿರಿ. ಮಲಯಾಳದಲ್ಲಿ ಮಾತ್ರ ಇದ್ದರೆ ಇಂಗ್ಲಿಷಿನ ಪ್ರತಿಯನ್ನೂ ಪಡೆದುಕೊಳ್ಳಿ. ಯಾವುದಾದರೂ ಪತ್ರಕ್ಕೆ ಅಪೊಸ್ಟಿಲ್ (ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಹಾಕುವ ಅಧಿಕೃತ ಮುದ್ರೆ) ಕೇಳಿದರೆ ಗಡಿನಾಡಿನವರಿಗೆ ಒಂದು ತೊಡಕಿದೆ: ಪತ್ರವನ್ನು ಕೊಟ್ಟ ರಾಜ್ಯದಲ್ಲೇ ಮೊದಲ ದೃಢೀಕರಣ ಆಗಬೇಕು. ಎಸ್ಸೆಸ್ಸೆಲ್ಸಿ ಕೇರಳದ್ದು, ಪದವಿ ಕರ್ನಾಟಕದ್ದು ಆಗಿರುವವರು ಎರಡು ಕಡೆ ಓಡಾಡಬೇಕಾಗುತ್ತದೆ. ಕೇಳದ ಪತ್ರಕ್ಕೆ ಈ ಖರ್ಚು ಮಾಡಬೇಡಿ.

4. ಮನೆ ಹುಡುಕುವುದು

ಪ್ಯಾರಿಸ್ ನಗರದ ಒಳಗೆ ಒಬ್ಬರೇ ಇರುವ ಚಿಕ್ಕ ಮನೆ 800 ಯೂರೊಗಿಂತ ಕಡಿಮೆಗೆ ಸಿಗುವುದು ಕಷ್ಟ. ಆದರೆ ಇಲ್ಲಿ ಇಂಟರ್ನ್‌ಗಳಿಗೆ ಅನುಕೂಲವಾದ ಒಂದು ವ್ಯವಸ್ಥೆಯಿದೆ. 2015ರ ಸೆಪ್ಟೆಂಬರಿನಿಂದ "ನಾವಿಗೋ" ಎಂಬ ತಿಂಗಳ ಪ್ರಯಾಣ ಪಾಸ್‌ಗೆ ನಗರ ಮತ್ತು ಸುತ್ತಲಿನ ಇಡೀ ಇಲ್-ದ-ಫ್ರಾನ್ಸ್ ಪ್ರದೇಶದಲ್ಲಿ ಒಂದೇ ದರ. ದೂರದಲ್ಲಿದ್ದರೂ ಪಾಸಿಗೆ ಹೆಚ್ಚು ಕೊಡಬೇಕಾಗಿಲ್ಲ. ಆದ್ದರಿಂದ ಹುಡುಕಾಟವನ್ನು ಐಫೆಲ್ ಗೋಪುರದ ಸುತ್ತ ಆರಂಭಿಸಬೇಡಿ. ಮೊದಲು ನಿಮ್ಮ ಕಚೇರಿಯ ಹತ್ತಿರದ ನಿಲ್ದಾಣವನ್ನು ಗುರುತಿಸಿ, ಅಲ್ಲಿಗೆ ನೇರವಾಗಿ ಹೋಗುವ ಮೆಟ್ರೊ ಅಥವಾ "ಆರ್‌ಇಆರ್" (ನಗರದೊಳಗಿಂದ ಹೊರವಲಯಕ್ಕೆ ಹೋಗುವ ರೈಲು) ಮಾರ್ಗ ಯಾವುದೆಂದು ನೋಡಿ, ಆ ಒಂದೇ ಮಾರ್ಗದ ಹೊರವಲಯದ ನಿಲ್ದಾಣಗಳಲ್ಲಿ ಹುಡುಕಿ. ಸೇನ್-ದೆನಿ, ಇವ್ರಿ, ಕ್ರೆತೆಯ್, ಮಾಸ್ಸಿ ಇಂಥ ಊರುಗಳು. ಎರಡು ಕಡೆ ರೈಲು ಬದಲಿಸಬೇಕಾದ ಹತ್ತಿರದ ಮನೆಗಿಂತ, ಒಂದೇ ರೈಲಿನಲ್ಲಿ ಮುಕ್ಕಾಲು ಗಂಟೆ ಕುಳಿತು ಹೋಗುವ ದೂರದ ಮನೆ ಮೇಲು.

ಯಾವ ಬಗೆಯ ವಾಸ ಎಂಬುದನ್ನು ಈ ಕ್ರಮದಲ್ಲಿ ಪ್ರಯತ್ನಿಸಿ. ಮೊದಲು, ಸಂಸ್ಥೆಯ ಅಥವಾ ವಿಶ್ವವಿದ್ಯಾಲಯದ ಮೂಲಕ ವಿದ್ಯಾರ್ಥಿನಿಲಯ ಸಿಗುವುದೇ ಎಂದು ಕೇಳಿ. ಪ್ಯಾರಿಸ್‌ನ 14ನೇ ವಾರ್ಡಿನಲ್ಲಿರುವ ಸಿತೆ ಅಂತರ್ನಾಸಿಯೊನಾಲ್ ಎಂಬ ವಿಶಾಲ ವಿದ್ಯಾರ್ಥಿ ಆವರಣದಲ್ಲಿ ಭಾರತದ್ದೇ ಆದ "ಮೇಜೋನ್ ದ ಲ್ಯಾಂದ್" ಎಂಬ ನಿಲಯವಿದೆ. ಅದರ ಅರ್ಹತೆಯ ನಿಯಮಗಳನ್ನು ಓದಿ ಬೇಗ ಅರ್ಜಿ ಹಾಕಿ. ಎರಡನೆಯದು, "ಫೊಯ್ಯೆ ದ ಜನ್ ತ್ರಾವಾಯೂರ್" ಎಂಬ, ದುಡಿಯುವ ಯುವಜನರ ನಿಲಯಗಳು. ಇವುಗಳಲ್ಲಿ ಇಂಟರ್ನ್‌ಗಳಿಗೂ ಜಾಗ ಕೊಡುತ್ತಾರೆ. ಮೂರನೆಯದು "ಕೊಲೊಕಾಸಿಯೋನ್", ಎಂದರೆ ಇತರರೊಂದಿಗೆ ಮನೆ ಹಂಚಿಕೊಂಡು ಒಂದು ಕೋಣೆ ಹಿಡಿಯುವುದು. ಸೆಪ್ಟೆಂಬರಿನಲ್ಲಿ ಫ್ರೆಂಚ್ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಮನೆ ಹುಡುಕುವುದರಿಂದ ಆ ತಿಂಗಳು ಅತಿ ಕಷ್ಟದ್ದು.

ಅಗ್ಗವಾಗಿ ಕಾಣುವುದು "ಶಾಂಬ್ರ್ ದ ಬೊನ್": ಹಳೆಯ ಕಟ್ಟಡಗಳ ತುತ್ತತುದಿಯಲ್ಲಿ, ಹಿಂದೆ ಮನೆಗೆಲಸದವರಿಗೆಂದು ಕಟ್ಟಿದ ಪುಟ್ಟ ಕೋಣೆ. ಆರನೇ ಮಹಡಿ, ಲಿಫ್ಟ್ ಇಲ್ಲ, ಇಳಿಜಾರು ಮಾಡು, ಶೌಚಾಲಯ ಎಷ್ಟೋ ಸಲ ಹೊರಗಿನ ಓಣಿಯಲ್ಲಿ. ಕಿಟಕಿಯ ಬಳಿ ಮಾತ್ರ ನೆಟ್ಟಗೆ ನಿಲ್ಲಬಹುದು. ಹಾಸಿಗೆಯ ಕಡೆ ತಲೆ ಬಗ್ಗಿಸಬೇಕು. ಇಂಥ ಕೋಣೆಯನ್ನು ನೋಡಲು ಹೋಗುವಾಗ ಅಳತೆಯ ಟೇಪು ಒಯ್ಯಿರಿ. ಕಾನೂನಿನ ಪ್ರಕಾರ ವಾಸಕ್ಕೆ ಕೊಡುವ ಮನೆಯ ಮುಖ್ಯ ಕೋಣೆ ಕನಿಷ್ಠ 9 ಚದರ ಮೀಟರ್ ಮತ್ತು 2.20 ಮೀಟರ್ ಎತ್ತರ ಇರಬೇಕು, ಅಥವಾ ಒಟ್ಟು 20 ಘನ ಮೀಟರ್ ಜಾಗ ಇರಬೇಕು. ಬಿಸಿಮಾಡುವ ವ್ಯವಸ್ಥೆ ವಿದ್ಯುತ್ತಿನದ್ದೇ, ಅದರ ಬಿಲ್ಲು ಯಾರದ್ದು ಎಂದು ಕೇಳಿ. ಜಾಹೀರಾತಿನಲ್ಲಿ "ಷಾರ್ಜ್ ಕೋಂಪ್ರಿಜ್" ಎಂದಿದ್ದರೆ ಕಟ್ಟಡದ ನಿರ್ವಹಣಾ ವೆಚ್ಚ ಬಾಡಿಗೆಯಲ್ಲೇ ಸೇರಿದೆ ಎಂದರ್ಥ. ವಿದ್ಯುತ್ತು ಅದರೊಳಗೆ ಬರುವುದೇ ಎಂದು ಬೇರೆಯಾಗಿಯೇ ಕೇಳಬೇಕು. ಇದನ್ನು ಕೇಳದವರಿಗೆ ಜನವರಿಯ ಬಿಲ್ಲು ದೊಡ್ಡ ಹೊಡೆತ.

ಮೋಸದ ಬಗ್ಗೆ ಎಚ್ಚರಿಕೆ ಅಗತ್ಯ, ಏಕೆಂದರೆ ಊರಿನಲ್ಲಿ ಕುಳಿತು ಹುಡುಕುವವರೇ ಮೋಸಗಾರರ ಮೊದಲ ಗುರಿ. ಸುಂದರವಾದ ಫೋಟೊ, ನಂಬಲಾಗದಷ್ಟು ಕಡಿಮೆ ಬಾಡಿಗೆ, "ನಾನು ಈಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳುಹಿಸಿದರೆ ಬೀಗದಕೈ ಅಂಚೆಯಲ್ಲಿ ಬರುತ್ತದೆ" ಎಂಬ ಮಾತು, ಹಣವನ್ನು ನಗದು ವರ್ಗಾವಣೆಯ ಮೂಲಕವೇ ಕಳುಹಿಸಬೇಕೆಂಬ ಒತ್ತಾಯ: ಇವು ಒಟ್ಟಿಗೆ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಕರಾರಿಗೆ ಸಹಿಯಾಗುವ ಮೊದಲು ಮನೆ ಕಾದಿರಿಸಲೆಂದು ಮನೆಯೊಡೆಯರು ಹಣ ಕೇಳುವುದೇ ಕಾನೂನಿಗೆ ವಿರುದ್ಧ. ಮನೆಯನ್ನು ನೀವು ಅಥವಾ ನಂಬಿಗಸ್ತರೊಬ್ಬರು ಕಣ್ಣಾರೆ ನೋಡಬೇಕು. ಹಾಗಾಗದಿದ್ದರೆ ಮೊದಲ ಹತ್ತು ಹದಿನೈದು ದಿನಕ್ಕೆ ಹಾಸ್ಟೆಲ್ ಗೊತ್ತುಮಾಡಿಕೊಂಡು ಹೋಗಿ, ಅಲ್ಲಿಂದಲೇ ಹುಡುಕಿ. ಆಗ ಆ ಹೆಚ್ಚುವರಿ ರಾತ್ರಿಗಳ ಖರ್ಚನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು; ಮೋಸ ಹೋಗುವುದಕ್ಕಿಂತ ಅದು ಅಗ್ಗ.

5. ಕರಾರು ಮತ್ತು ಜಾಮೀನು

2018ರ ಕಾನೂನಿನಿಂದ ಬಂದ "ಬಾಯ್ ಮೊಬಿಲಿತೆ" ಎಂಬ ಕರಾರು ಇಂಟರ್ನ್‌ಗಳಿಗೆ ಹೇಳಿ ಮಾಡಿಸಿದಂತಿದೆ. ಪೀಠೋಪಕರಣವಿರುವ ಮನೆಯನ್ನು 1ರಿಂದ 10 ತಿಂಗಳ ಅವಧಿಗೆ ಕೊಡುವ ಈ ಕರಾರಿನಲ್ಲಿ ಡಿಪಾಸಿಟ್ ಕೇಳುವಂತಿಲ್ಲ. ಸಾಮಾನ್ಯ ಕರಾರಿನಲ್ಲಿ, ಪೀಠೋಪಕರಣವಿರುವ ಮನೆಗೆ ಎರಡು ತಿಂಗಳ ಬಾಡಿಗೆಯವರೆಗೆ ಡಿಪಾಸಿಟ್ ಕೇಳಬಹುದು; ಅದಕ್ಕಿಂತ ಹೆಚ್ಚು ಕೇಳಿದರೆ ಒಪ್ಪಬೇಡಿ. ಪ್ಯಾರಿಸ್ ನಗರದಲ್ಲಿ 2019ರ ಜುಲೈಯಿಂದ ಬಾಡಿಗೆಗೆ ಮಿತಿಯೂ ಇದೆ. ಬೀದಿ ಮತ್ತು ಕೋಣೆಗಳ ಸಂಖ್ಯೆ ಕೊಟ್ಟರೆ ಗರಿಷ್ಠ ಬಾಡಿಗೆ ಎಷ್ಟೆಂದು ಸರ್ಕಾರಿ ಜಾಲತಾಣ ತೋರಿಸುತ್ತದೆ.

ಮನೆಯೊಡೆಯರು "ಗಾರಾಂ", ಎಂದರೆ ಫ್ರಾನ್ಸಿನಲ್ಲಿ ಆದಾಯವಿರುವ ಜಾಮೀನುದಾರರನ್ನು ಕೇಳುತ್ತಾರೆ. ಊರಿನ ತಂದೆಯ ಸಂಬಳಪತ್ರ ಅಲ್ಲಿ ಹೆಚ್ಚು ನಡೆಯುವುದಿಲ್ಲ. ಇದಕ್ಕೆ "ವಿಜಾಲ್" ಎಂಬ ಉಚಿತ ಜಾಮೀನು ಯೋಜನೆಯಿದೆ. 30 ವರ್ಷದೊಳಗಿನವರು ಅರ್ಜಿ ಹಾಕಬಹುದು. ನಿಮ್ಮ ವೀಸಾದ ಬಗೆ ಅದಕ್ಕೆ ಒಪ್ಪುತ್ತದೆಯೇ ಎಂದು ಅದರ ಜಾಲತಾಣದಲ್ಲೇ ಪರೀಕ್ಷಿಸಿ, ಕರಾರಿಗೆ ಸಹಿ ಹಾಕುವ ಮೊದಲೇ ಪ್ರಮಾಣಪತ್ರ ಪಡೆಯಬೇಕು. ಬಾಡಿಗೆದಾರರೇ ಬಾಡಿಗೆಗೆ ಕೊಡುವ ಕೋಣೆಯಾದರೆ ಮನೆಯೊಡೆಯರ ಲಿಖಿತ ಒಪ್ಪಿಗೆಯನ್ನು ಕಣ್ಣಿಂದ ನೋಡಿ. ಮನೆಯ ವಿಮೆ ಬಾಡಿಗೆದಾರರಿಗೆ ಕಡ್ಡಾಯ.

"ಕಾಫ್" ಎಂಬ ಸಂಸ್ಥೆಯಿಂದ ಸಿಗುವ ಬಾಡಿಗೆ ಸಹಾಯಧನದ ಬಗ್ಗೆ ನೀವು ಕೇಳಿರಬಹುದು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ನಿಯಮಗಳು ಬಿಗಿಯಾಗುತ್ತಿವೆ. ಅದನ್ನು ನಂಬಿ ದುಬಾರಿ ಮನೆ ಹಿಡಿಯಬೇಡಿ.

6. ಪೆಟ್ಟಿಗೆಯಲ್ಲಿ ಏನಿರಬೇಕು

ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಅಮ್ಮ ಕಾಯಿಸಿದ ತುಪ್ಪ, ಪೇಡೆ, ಒಣಮಾಂಸ ಬೇಡ. ಹಸಿ ಕರಿಬೇವಿನ ಸೊಪ್ಪು, ಮಾವಿನಕಾಯಿಯಂಥವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅವೂ ಬೇಡ. ಹುರಿದು ಪುಡಿಮಾಡಿದ ಸಾರಿನ ಪುಡಿ, ಹಪ್ಪಳ, ಚೆನ್ನಾಗಿ ಮುಚ್ಚಿದ ಉಪ್ಪಿನಕಾಯಿ ಒಯ್ಯಬಹುದು.

ಪ್ರೆಶರ್ ಕುಕ್ಕರ್ ಒಯ್ಯುವವರು ತಳವನ್ನು ನೋಡಿಕೊಳ್ಳಿ. ಅಲ್ಲಿನ ಅನೇಕ ಕೋಣೆಗಳಲ್ಲಿ ಇಂಡಕ್ಷನ್ ಒಲೆ ಇರುತ್ತದೆ. ಅಯಸ್ಕಾಂತ ಅಂಟದ ಅಲ್ಯುಮಿನಿಯಂ ತಳದ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ಇಂಡಕ್ಷನ್ ತಳದ ಮೂರು ಲೀಟರಿನ ಕುಕ್ಕರ್ ಇದ್ದರೆ ರಾತ್ರಿ ನೆನೆಹಾಕಿದ ಕುಚ್ಚಲಕ್ಕಿ ಬೆಳಿಗ್ಗೆ ಬೇಗ ಬೇಯುತ್ತದೆ, ವಿದ್ಯುತ್ತೂ ಉಳಿಯುತ್ತದೆ.

7. ಊಟ ಮತ್ತು ಸಾಮಾನು

ಅಕ್ಕಿ, ಬೇಳೆ, ತೆಂಗಿನಕಾಯಿ, ಕರಿಬೇವಿನ ಸೊಪ್ಪಿಗೆ ಗಾರ್ ದ್ಯು ನೋರ್ ನಿಲ್ದಾಣದ ಬಳಿಯ ಲಾ ಶಾಪೆಲ್ ಪ್ರದೇಶಕ್ಕೆ ಹೋಗಿ. ಶ್ರೀಲಂಕಾದ ತಮಿಳರ ಅಂಗಡಿಗಳು ಅಲ್ಲಿ ಸಾಲಾಗಿವೆ. ನಮ್ಮ ಕಡೆಯವರಿಗೆ ಮಲಯಾಳ ಬರುವುದರಿಂದ ತಮಿಳಿನಲ್ಲಿ ನಾಲ್ಕು ಮಾತು ಹೊಂದಿಸಿಕೊಳ್ಳುವುದು ಸುಲಭ, ಅದು ಅಲ್ಲಿ ಫ್ರೆಂಚಿನಷ್ಟೇ ಉಪಯೋಗಕ್ಕೆ ಬರುತ್ತದೆ. ಕೆಂಪು ಕುಚ್ಚಲಕ್ಕಿಯೂ ಸಿಗುತ್ತದೆ. ತಿಂಗಳಿಗೊಮ್ಮೆ ಹೋಗಿ ದೊಡ್ಡ ಚೀಲ ತಂದರೆ ಸಾಕು.

ಹಾಲು, ಮೊಟ್ಟೆ, ಬಟಾಟೆ, ಕ್ಯಾಬೇಜು, ಕ್ಯಾರೆಟ್, ಕಡಲೆಗಳಿಗೆ ಲಿಡ್ಲ್, ಆಲ್ಡಿಯಂಥ ಅಗ್ಗದ ಅಂಗಡಿಗಳಿವೆ. ನಗರದೊಳಗಿನ ಬೀದಿಬದಿಯ ಚಿಕ್ಕ ಸೂಪರ್ ಮಾರ್ಕೆಟುಗಳಲ್ಲಿ ಅದೇ ಸಾಮಾನು ದುಬಾರಿ. ಬೀದಿ ಸಂತೆಗಳು ಮಧ್ಯಾಹ್ನ ಮುಚ್ಚುವ ಹೊತ್ತಿಗೆ ತರಕಾರಿಯ ಬೆಲೆ ಇಳಿಯುತ್ತದೆ. ವಿದ್ಯಾರ್ಥಿ ಗುರುತಿನ ಚೀಟಿ ಇದ್ದವರು "ಕ್ರೂಸ್" ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಊಟದ ಮನೆಗಳನ್ನು ವಿಚಾರಿಸಿ. ಅಷ್ಟು ಕಡಿಮೆ ಬೆಲೆಗೆ ಪೂರ್ಣ ಊಟ ಬೇರೆಲ್ಲಿಯೂ ಇಲ್ಲ. ಹೋಟೆಲಿಗೆ ಹೋದಾಗ "ಕರಾಫ್ ದೋ" ಎಂದು ಕೇಳಿದರೆ ನಲ್ಲಿಯ ನೀರನ್ನು ಉಚಿತವಾಗಿ ಕೊಡುತ್ತಾರೆ. ಊಟವನ್ನು ಮಾತ್ರ ಬಿಡಬೇಡಿ. ಚಳಿಯ ಊರಿನಲ್ಲಿ ಅರೆಹೊಟ್ಟೆಯಲ್ಲಿ ಕೆಲಸ ಮಾಡಿ ಉಳಿಸಿದ ಹಣ ವೈದ್ಯರಿಗೆ ಹೋಗುತ್ತದೆ.

8. ಪ್ರಯಾಣ ಪಾಸ್, ಬ್ಯಾಂಕ್, ವೀಸಾ

ನಾವಿಗೋ ತಿಂಗಳ ಪಾಸ್ 2025ರಲ್ಲಿ 88.80 ಯೂರೊ, 2026ರ ಜನವರಿಯಿಂದ 90.80 ಯೂರೊ. ಇದು ಕೊಂಡ ದಿನದಿಂದ ಮೂವತ್ತು ದಿನ ನಡೆಯುವುದಿಲ್ಲ. ತಿಂಗಳ 1ರಿಂದ ಕೊನೆಯ ದಿನದವರೆಗೆ ಮಾತ್ರ. ವಾರದ ಪಾಸೂ ಹಾಗೆಯೇ, ಸೋಮವಾರದಿಂದ ಭಾನುವಾರದವರೆಗೆ. ತಿಂಗಳ ನಡುವೆ ತಲುಪಿದವರು ಮುಂದಿನ 1ನೇ ತಾರೀಕಿನವರೆಗೆ ವಾರದ ಪಾಸ್ ಕೊಳ್ಳುವುದು ಲಾಭ. ಪಾಸ್ ಕೊಂಡ ರಸೀದಿಯನ್ನು ಜೋಪಾನವಾಗಿಡಿ. ಅರ್ಧ ಹಣ ಹಿಂಪಡೆಯಲು ಅದು ಬೇಕು.

ಭತ್ಯೆ ಬರಲು ಬ್ಯಾಂಕ್ ಖಾತೆಯ ವಿವರವಿರುವ "ರಿಬ್" ಎಂಬ ಹಾಳೆಯನ್ನು ಕಚೇರಿಗೆ ಕೊಡಬೇಕು. ಖಾತೆ ತೆರೆಯಲು ವಿಳಾಸದ ದಾಖಲೆ ಬೇಕು. ಇನ್ನೂ ಸ್ವಂತ ಕರಾರಿಲ್ಲದವರು ತಾವಿರುವ ಮನೆಯವರಿಂದ "ಅತೆಸ್ತಾಸಿಯೋನ್ ದೆಬೆರ್ಜ್‌ಮಾಂ", ಎಂದರೆ "ಇವರು ನಮ್ಮಲ್ಲಿ ವಾಸವಿದ್ದಾರೆ" ಎಂಬ ಸಹಿಯಾದ ಪತ್ರವನ್ನು, ಅವರ ಗುರುತಿನ ಚೀಟಿಯ ಪ್ರತಿಯೊಂದಿಗೆ ಪಡೆಯಿರಿ. ಫೋನಿಗೆ ಅವಧಿಯ ಕಟ್ಟುಪಾಡಿಲ್ಲದ ಯೋಜನೆಯನ್ನೇ ಆರಿಸಿ.

ದೀರ್ಘಾವಧಿ ವೀಸಾದಲ್ಲಿ ಹೋದವರು ತಲುಪಿದ 3 ತಿಂಗಳೊಳಗೆ ಅದನ್ನು ಆನ್‌ಲೈನಿನಲ್ಲಿ ಊರ್ಜಿತಗೊಳಿಸಲೇಬೇಕು. ಇಂಟರ್ನ್ ವೀಸಾದಲ್ಲಿ ಬೇರೆ ಸಂಬಳದ ಕೆಲಸ ಮಾಡಲು ಅನುಮತಿಯಿಲ್ಲ. ಕೊರತೆ ತುಂಬಿಸಲು ಲೆಕ್ಕಕ್ಕಿಲ್ಲದ ಕೂಲಿಗೆ ಕರೆಯುವವರು ಇದ್ದಾರೆ. ಸಿಕ್ಕಿಬಿದ್ದರೆ ವೀಸಾವೇ ಹೋಗುತ್ತದೆ, ಕೂಲಿ ಕೊಡದಿದ್ದರೆ ದೂರುವುದಕ್ಕೂ ದಾರಿ ಕಷ್ಟ. ಕೊರತೆಯನ್ನು ಮನೆಯಲ್ಲಿ ಮೊದಲೇ ಮಾತನಾಡಿ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

9. ಹಿಂತಿರುಗುವಾಗ

ಪೀಠೋಪಕರಣವಿರುವ ಮನೆ ಬಿಡಲು ಒಂದು ತಿಂಗಳ ಮುಂಚಿತ ಸೂಚನೆಯನ್ನು ಲಿಖಿತವಾಗಿ ಕೊಡಬೇಕು. ಮನೆಗೆ ಹೋದ ದಿನ ಮತ್ತು ಬಿಡುವ ದಿನ "ಎತಾ ದೆ ಲಿಯೂ", ಎಂದರೆ ಮನೆಯ ಸ್ಥಿತಿಯ ದಾಖಲೆಗೆ ಎರಡೂ ಕಡೆಯವರು ಸಹಿ ಹಾಕುತ್ತಾರೆ. ಮೊದಲ ದಿನವೇ ಗೋಡೆಯ ಕಲೆ, ಒಡೆದ ಹಂಚು, ಸೋರುವ ನಲ್ಲಿಗಳ ಫೋಟೊ ತೆಗೆದು ಆ ದಾಖಲೆಯಲ್ಲಿ ಬರೆಯಿಸಿದವರಿಗೆ ಕೊನೆಗೆ ತಕರಾರು ಬರುವುದು ಕಡಿಮೆ. ಎರಡು ದಾಖಲೆಗಳೂ ಹೊಂದಿದರೆ ಡಿಪಾಸಿಟ್ಟನ್ನು 1 ತಿಂಗಳೊಳಗೆ, ವ್ಯತ್ಯಾಸವಿದ್ದರೆ 2 ತಿಂಗಳೊಳಗೆ ಹಿಂದಿರುಗಿಸಬೇಕು. ಆ ಹೊತ್ತಿಗೆ ನೀವು ಊರಿನಲ್ಲಿರುತ್ತೀರಿ. ಆದ್ದರಿಂದ ವಿಮೆ ಮತ್ತು ಫೋನನ್ನು ಹೊರಡುವ ಮೊದಲು ನಿಲ್ಲಿಸಿ, ಆದರೆ ಕೊನೆಯ ಭತ್ಯೆಯೂ ಡಿಪಾಸಿಟ್ಟೂ ಬಂದು ಸೇರುವವರೆಗೆ ಫ್ರಾನ್ಸಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಖಾತೆಗೆ ಜೋಡಿಸಿದ ಫೋನ್ ಸಂಖ್ಯೆಯನ್ನು ಊರಿನ ಸಂಖ್ಯೆಗೆ ಬದಲಿಸುವ ಕೆಲಸವನ್ನು ಅಲ್ಲಿನ ಸಿಮ್ ನಡೆಯುತ್ತಿರುವಾಗಲೇ ಮುಗಿಸಿಕೊಳ್ಳಿ.